ಕಾರಿನ ಡಿಕ್ಕಿಗೊಂದು ಪೋರ್ಟೆಡ್ ಬಾಕ್ಸ್: ಗಾಳಿಯ ಲೆಕ್ಕ, ಹಲಗೆಯ ಲೆಕ್ಕ

ಕಾರಿನ ಡಿಕ್ಕಿಯಲ್ಲಿ ಸಬ್‌ವೂಫರ್, ಅಂದರೆ ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್, ಇಡಿಸಬೇಕೆಂದು ಬರುವವರು ಮೊದಲು ವಿಚಾರಿಸುವುದು ವೂಫರ್ ಯಾವ ಕಂಪನಿಯದು, ಆಂಪ್ಲಿಫೈಯರ್ ಎಷ್ಟು ವ್ಯಾಟ್‌ನದು ಎಂದು. ಬಾಕ್ಸ್‌ನ ಪ್ರಸ್ತಾಪ ಕೊನೆಯಲ್ಲಿ ಬರುತ್ತದೆ. ‘ರೆಡಿಮೇಡ್ ಒಂದು ಹಾಕಿಬಿಡಿ’ ಎಂಬ ಒಂದು ಮಾತಿನಲ್ಲಿ ಅದು ಮುಗಿದೂ ಹೋಗುತ್ತದೆ. ಈ ಕ್ರಮವನ್ನು ತಿರುಗಿಸಬೇಕು ಎಂಬುದೇ ನಾನು ಇಂದು ನಿಮ್ಮ ಮುಂದೆ ಇಡುತ್ತಿರುವ ವಿಚಾರ. ಪೋರ್ಟೆಡ್ ಬಾಕ್ಸ್‌ನಲ್ಲಿ, ಅಂದರೆ ಗಾಳಿ ಓಡಾಡಲು ಪೋರ್ಟ್ ಎಂಬ ದಾರಿಯಿರುವ ಬಾಕ್ಸ್‌ನಲ್ಲಿ, ತಗ್ಗು ಸ್ವರಗಳು ಹುಟ್ಟುವಾಗ ವೂಫರ್‌ನ ಆಡುವ ಭಾಗವಾದ ಕೋನ್ ಬಹುಮಟ್ಟಿಗೆ ನಿಂತಲ್ಲೇ ನಿಂತಿರುತ್ತದೆ, ಕೆಲಸವನ್ನೆಲ್ಲ ಪೋರ್ಟ್‌ನೊಳಗಿನ ಗಾಳಿ ಮಾಡುತ್ತಿರುತ್ತದೆ. ಹಾಗಿರುವಾಗ ಆ ಗಾಳಿಗೆ ಎಷ್ಟು ದಾರಿ ಬೇಕು, ಎಷ್ಟು ಜಾಗ ಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕದೆ ಎಂಥ ವೂಫರ್ ಕೊಂಡರೂ ಪ್ರಯೋಜನವಿಲ್ಲ.

ಮೊದಲಿಗೆ ಪೋರ್ಟ್ ಏನು ಮಾಡುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಘಟವಾದಕರು ಘಟದ ಬಾಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಮತ್ತೆ ಸಡಿಲಿಸಿ, ಅದರ ತಗ್ಗು ನಾದವನ್ನು ಇಳಿಸಿ ಏರಿಸುವುದನ್ನು ನೀವು ಕಛೇರಿಗಳಲ್ಲಿ ಕಂಡಿರುತ್ತೀರಿ. ಮಡಕೆಯೊಳಗಿನ ಗಾಳಿ ಸ್ಪ್ರಿಂಗ್‌ನಂತೆ ವರ್ತಿಸುತ್ತದೆ, ಬಾಯಿಯ ಬಳಿಯ ಗಾಳಿ ಆ ಸ್ಪ್ರಿಂಗ್‌ಗೆ ಕಟ್ಟಿದ ತೂಕದಂತೆ ಆಡುತ್ತದೆ. ಬಾಯಿ ಕಿರಿದಾದಂತೆ ನಾದ ತಗ್ಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಹೆರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ಇದನ್ನು ಗಣಿತಕ್ಕೆ ಇಳಿಸಿದರು. ನಮ್ಮ ಬಾಕ್ಸ್ ಮತ್ತು ಅದರ ಪೋರ್ಟ್ ಕೂಡ ಇದೇ ನಿಯಮದಂತೆ ನಡೆಯುತ್ತವೆ: ಬಾಕ್ಸ್ ದೊಡ್ಡದಾದರೆ, ಪೋರ್ಟ್ ಉದ್ದವಾದರೆ ಅನುರಣನದ ಆವರ್ತನ (ಆ ಗಾಳಿ ತಾನಾಗಿ ಸೆಕೆಂಡಿಗೆ ಎಷ್ಟು ಬಾರಿ ಆಡುತ್ತದೆಂಬ ಹರ್ಟ್ಜ್ ಲೆಕ್ಕ) ಇಳಿಯುತ್ತದೆ; ಪೋರ್ಟ್‌ನ ಬಾಯಿ ಅಗಲವಾದರೆ ಅದು ಏರುತ್ತದೆ. ಆ ಆವರ್ತನವನ್ನೇ ನಾವು ಬಾಕ್ಸ್‌ನ ಟ್ಯೂನಿಂಗ್ ಎನ್ನುತ್ತೇವೆ. ಕೋನ್‌ನ ಹಿಂಬದಿಯಿಂದ ಹೊರಟು ಸೀಲ್ಡ್, ಅಂದರೆ ಪೂರ್ತಿ ಮುಚ್ಚಿದ ಬಾಕ್ಸ್‌ನಲ್ಲಿ ಒಳಗೇ ಅಡಗಿಹೋಗುತ್ತಿದ್ದ ಶಕ್ತಿ ಇಲ್ಲಿ ಟ್ಯೂನಿಂಗ್‌ನ ಸುತ್ತಮುತ್ತ ಪೋರ್ಟ್‌ನ ಮೂಲಕ ಹೊರಬಂದು ಕೋನ್‌ನ ಶಬ್ದಕ್ಕೆ ಕೂಡಿಕೊಳ್ಳುತ್ತದೆ. ಆದರೆ ಟ್ಯೂನಿಂಗ್‌ಗಿಂತ ಕೆಳಗಿಳಿದಾಗ ಪೋರ್ಟ್‌ನ ಗಾಳಿ ಕೋನ್‌ಗೆ ವಿರುದ್ಧವಾಗಿ ನಡೆಯುವುದರಿಂದ, ಸೀಲ್ಡ್ ಬಾಕ್ಸ್‌ನಲ್ಲಿ ಪ್ರತಿ ಆಕ್ಟೇವ್‌ಗೆ (ಆವರ್ತನ ಅರ್ಧಕ್ಕಿಳಿದಾಗಲೆಲ್ಲ) 12 ಡೆಸಿಬೆಲ್‌ನಂತೆ ಇಳಿಯುವ ಶಬ್ದ ಇಲ್ಲಿ 24 ಡೆಸಿಬೆಲ್‌ನಂತೆ ಕುಸಿಯುತ್ತದೆ, ಕೋನ್‌ಗೆ ಗಾಳಿಯ ಆಸರೆಯೂ ತಪ್ಪುತ್ತದೆ. ಈ ಎರಡನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಫಿಲ್ಟರ್‌ನ ಬಗ್ಗೆ ಹೇಳುವಾಗ ಅದು ಬೇಕಾಗುತ್ತದೆ.

ಇಲ್ಲಿ ಸ್ವಲ್ಪ ಇತಿಹಾಸ ಹೇಳುವುದು ಅಗತ್ಯ, ಏಕೆಂದರೆ ನಾವು ಇಂದು ಕಣ್ಣುಮುಚ್ಚಿ ಬಳಸುವ ಅಂಕಿಗಳು ಎಲ್ಲಿಂದ ಬಂದವೆಂಬುದು ತಿಳಿದಿರಬೇಕು. ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನ ಆಲ್ಬರ್ಟ್ ಥುರಾಸ್ ಅವರಿಗೆ ಈ ಬಗೆಯ ಬಾಕ್ಸ್‌ಗಾಗಿ 1932ರಲ್ಲಿ ಪೇಟೆಂಟ್ ದೊರೆಯಿತು. ಆದರೆ ಅದಾದ ಮೇಲೂ ಬಹುಕಾಲ ಬಾಕ್ಸ್ ಮಾಡುವುದು ಅಂದಾಜಿನ ಕೆಲಸವಾಗಿಯೇ ಉಳಿದಿತ್ತು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಒಂದು ಪ್ರಬಂಧ ಪ್ರಕಟಿಸಿ, ಪೋರ್ಟೆಡ್ ಬಾಕ್ಸ್ ಅನ್ನು ವಿದ್ಯುತ್ ಫಿಲ್ಟರ್‌ನಂತೆಯೇ ಲೆಕ್ಕಹಾಕಬಹುದೆಂದು ತೋರಿಸಿದರು. ಹತ್ತು ವರ್ಷಗಳ ನಂತರ ಅದು ಅಮೆರಿಕದಲ್ಲಿ ಮರುಮುದ್ರಣಗೊಂಡಾಗಲೇ ಜಗತ್ತಿನ ಗಮನ ಸೆಳೆದದ್ದು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಅದನ್ನು ವಿಸ್ತರಿಸಿದರು. ವೂಫರ್‌ನ ಡಬ್ಬಿಯೊಳಗೆ ಬರುವ, ನಮ್ಮಲ್ಲಿ ಅನೇಕರು ಓದದೆಯೇ ಎಸೆಯುವ ಆ ಕಾಗದದಲ್ಲಿರುವ ಎಫ್‌ಎಸ್, ಕ್ಯೂಟಿಎಸ್, ವಿಎಎಸ್ ಎಂಬ ಅಂಕಿಗಳಿಗೆ ಥೀಲ್-ಸ್ಮಾಲ್ ಮಾಪಕಗಳೆಂದು ಹೆಸರು. ಆ ಕಾಗದವನ್ನು ದಯವಿಟ್ಟು ಜೋಪಾನ ಮಾಡಿ.

ಎಫ್‌ಎಸ್ ಎಂದರೆ ಬಾಕ್ಸ್ ಇಲ್ಲದೆ ತೂಗುಹಾಕಿದ ವೂಫರ್ ತಾನಾಗಿ ಕಂಪಿಸಲು ಒಲಿಯುವ ಆವರ್ತನ. ಕ್ಯೂಇಎಸ್ ಎಂಬುದು ಆ ಕಂಪನವನ್ನು ಅದರ ಕಾಯಿಲ್ ಮತ್ತು ಮ್ಯಾಗ್ನೆಟ್ ಎಷ್ಟು ಬಿಗಿಯಾಗಿ ಹಿಡಿದಿವೆ ಎಂಬುದರ ಅಳತೆ. ಅಂಕಿ ಚಿಕ್ಕದಾದಷ್ಟೂ ಹಿಡಿತ ಹೆಚ್ಚು. ಎಫ್‌ಎಸ್ ಅನ್ನು ಕ್ಯೂಇಎಸ್‌ನಿಂದ ಭಾಗಿಸಿ ನೋಡಿ. ಉತ್ತರ 50ಕ್ಕಿಂತ ಕೆಳಗಿದ್ದರೆ ಆ ವೂಫರ್ ಸೀಲ್ಡ್ ಬಾಕ್ಸ್‌ಗೆ ಸೇರಿದ್ದು, 100ರ ಹತ್ತಿರವಿದ್ದರೆ ಪೋರ್ಟೆಡ್‌ಗೆ ಸೇರಿದ್ದು, ನಡುವೆ ಇದ್ದರೆ ಎರಡಕ್ಕೂ ಒಗ್ಗುತ್ತದೆ ಎಂಬುದು ರೂಢಿಯಲ್ಲಿರುವ ಒಂದು ಒರಟು ಲೆಕ್ಕ. ಕಾರಿಗೆಂದು ಮಾಡಿದ ವೂಫರ್‌ಗಳಲ್ಲಿ ಹಲವು ಈ ನಡುವಿನ ಪಟ್ಟಿಯಲ್ಲೇ ಬರುತ್ತವೆ. ಎಕ್ಸ್‌ಮ್ಯಾಕ್ಸ್ ಎಂಬುದು ಕೋನ್ ಹದ ತಪ್ಪದೆ ಒಂದು ಬದಿಗೆ ಎಷ್ಟು ದೂರ ಚಲಿಸಬಲ್ಲದು ಎಂಬುದನ್ನು ಹೇಳುತ್ತದೆ. ಈ ಅಂಕಿಗಳನ್ನು ವಿನ್‌ಐಎಸ್‌ಡಿಯಂತಹ ಉಚಿತ ತಂತ್ರಾಂಶಕ್ಕೆ ಕೊಟ್ಟರೆ ಬೇರೆ ಬೇರೆ ಗಾತ್ರದ ಬಾಕ್ಸ್‌ಗಳಲ್ಲಿ ವೂಫರ್ ಹೇಗೆ ನಡೆದುಕೊಳ್ಳುತ್ತದೆಂಬುದರ ನಕ್ಷೆ ತೆರೆಯ ಮೇಲೆ ಮೂಡುತ್ತದೆ. ಆದರೆ ಒಂದು ಎಚ್ಚರಿಕೆ: ಆ ನಕ್ಷೆ ಬಯಲಿನಲ್ಲಿಟ್ಟ ಬಾಕ್ಸ್‌ನದು, ಕಾರಿನೊಳಗಿನದಲ್ಲ.

ಕಾರಿನ ಒಳಗೆ ಪರಿಸ್ಥಿತಿಯೇ ಬೇರೆ. ಶಬ್ದದ ಅರ್ಧ ಅಲೆ ಕಾರಿನ ಒಳಉದ್ದಕ್ಕಿಂತ ದೊಡ್ಡದಾದಾಗ ಅದು ಅಲೆಯಾಗಿ ಹರಿಯುವುದನ್ನು ಬಿಟ್ಟು ಇಡೀ ಕೋಣೆಯ ಒತ್ತಡವನ್ನೇ ಒಟ್ಟಿಗೆ ಏರಿಳಿಸತೊಡಗುತ್ತದೆ. ಒಳಉದ್ದ ಎರಡೂವರೆ ಮೀಟರ್ ಎಂದು ಹಿಡಿದರೆ, ಶಬ್ದದ ವೇಗ ಸೆಕೆಂಡಿಗೆ 344 ಮೀಟರ್ ಆಗಿರುವುದರಿಂದ, ಈ ಬದಲಾವಣೆ ಸುಮಾರು 70 ಹರ್ಟ್ಜ್‌ನ ಬಳಿ ಆರಂಭವಾಗುತ್ತದೆ. ಅಲ್ಲಿಂದ ಕೆಳಗೆ ಪ್ರತಿ ಆಕ್ಟೇವ್‌ಗೆ 12 ಡೆಸಿಬೆಲ್‌ವರೆಗೆ ಶಬ್ದ ಏರಬಹುದೆಂದು ಸಿದ್ಧಾಂತ ಹೇಳುತ್ತದೆ. ಬಾಗಿಲ ಸಂದುಗಳಿಂದ ಸೋರುವ ಗಾಳಿ, ಅದುರುವ ಗಾಜು ಮತ್ತು ತಗಡುಗಳಿಂದಾಗಿ ನಿಜವಾದ ಏರಿಕೆ ಅದಕ್ಕಿಂತ ಕಡಿಮೆ. ಹಾಗಿದ್ದರೂ 35 ಹರ್ಟ್ಜ್‌ನಲ್ಲಿ ಕಾರು ತಾನೇ ಕೊಡುವ ನೆರವು ಕಡೆಗಣಿಸುವಂಥದ್ದಲ್ಲ.

ಟ್ಯೂನಿಂಗ್ ಎಷ್ಟಿರಬೇಕೆಂಬುದನ್ನು ನಾನು ಈ ನೆರವನ್ನು ಇಟ್ಟುಕೊಂಡೇ ನಿರ್ಧರಿಸುತ್ತೇನೆ. ನಾನು ಅಳೆದು ನೋಡಿದ ರೆಡಿಮೇಡ್ ಬಾಕ್ಸ್‌ಗಳಲ್ಲಿ ಅನೇಕವು 40 ಹರ್ಟ್ಜ್‌ಗಿಂತ ಮೇಲೆ ಟ್ಯೂನ್ ಆಗಿದ್ದವು. ಹಾಗೆ ಮಾಡಿದರೆ ಬಾಕ್ಸ್ ಚಿಕ್ಕದಾಗುತ್ತದೆ, ಹಲಗೆ ಉಳಿಯುತ್ತದೆ, ಅಂಗಡಿಯ ಮುಂದೆ ನಿಂತು ಕೇಳುವಾಗ 50 ಹರ್ಟ್ಜ್‌ನ ಸುತ್ತ ಒಂದು ದೊಡ್ಡ ಗುಮ್ಮೆನ್ನುವ ಶಬ್ದ ಬಂದು ಗಿರಾಕಿಗೆ ತೃಪ್ತಿಯೂ ಆಗುತ್ತದೆ. ಆದರೆ ಊರಿಂದೂರಿಗೆ ಪ್ರಯಾಣ ಮಾಡುವಾಗ ಪ್ರತಿ ಹಾಡಿನಲ್ಲೂ ಅದೇ ಒಂದು ಸ್ವರ ಗುಮ್ಮಿಡುತ್ತಿದ್ದರೆ ಸಂಗೀತದ ಗತಿಯೇನಾಗಬೇಕು? ನಾಲ್ಕು ತಂತಿಯ ಬಾಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಜ್‌ನದು. ಐದು ತಂತಿಯದಾದರೆ 31ಕ್ಕೆ ಇಳಿಯುತ್ತದೆ. ಇಂದಿನ ಚಿತ್ರಗೀತೆಗಳಲ್ಲಿ ಸಿಂಥಸೈಜರ್‌ನಿಂದ ಹುಟ್ಟಿಸುವ ಬಾಸ್ ಕೂಡ ಈ ಪ್ರದೇಶದಲ್ಲೇ ಓಡಾಡುತ್ತದೆ. ಆದ್ದರಿಂದ ದಿನನಿತ್ಯ ಹಾಡು ಕೇಳುವ ಕಾರಿಗೆ 32ರಿಂದ 35 ಹರ್ಟ್ಜ್‌ನ ನಡುವಿನ ಟ್ಯೂನಿಂಗ್ ಯೋಗ್ಯವೆಂಬುದು ನನ್ನ ಖಚಿತ ಅಭಿಪ್ರಾಯ. ಶಬ್ದದ ಸ್ಪರ್ಧೆಗಳಿಗೆ ಹೋಗುವವರು ಬೇರೆ ಅಂಕಿ ಆರಿಸಿಕೊಳ್ಳುತ್ತಾರೆ, ಅವರ ಉದ್ದೇಶವೇ ಬೇರೆ.

ಈಗ ಒಂದು ಬಾಕ್ಸ್ ಅನ್ನು ಕಾಗದದ ಮೇಲೆ ಕಟ್ಟೋಣ. ವೂಫರ್ 12 ಇಂಚಿನದು, ಅದರ ಕಾಗದ 50 ಲೀಟರ್ ನಿವ್ವಳ ಗಾತ್ರದ ಪೋರ್ಟೆಡ್ ಬಾಕ್ಸ್ ಸೂಚಿಸುತ್ತದೆ ಎಂದಿಟ್ಟುಕೊಳ್ಳಿ. ಟ್ಯೂನಿಂಗ್ 34 ಹರ್ಟ್ಜ್ ಇರಲಿ. ದುಂಡು ಕೊಳವೆಯ ಉದ್ದ ಕಂಡುಹಿಡಿಯುವುದು ಹೀಗೆ: ಸೆಂಟಿಮೀಟರಿನಲ್ಲಿ ಅಳೆದ ಒಳವ್ಯಾಸದ ವರ್ಗವನ್ನು 23,560ರಿಂದ ಗುಣಿಸಿ; ಟ್ಯೂನಿಂಗ್‌ನ ವರ್ಗವನ್ನು ಲೀಟರಿನಲ್ಲಿರುವ ಗಾತ್ರದಿಂದ ಗುಣಿಸಿ, ಬಂದದ್ದರಿಂದ ಮೊದಲಿನದನ್ನು ಭಾಗಿಸಿ; ಕೊನೆಗೆ ವ್ಯಾಸದ 0.73 ಭಾಗವನ್ನು ಕಳೆಯಿರಿ. ಈ ಕಳೆಯುವಿಕೆ ಏಕೆಂದರೆ, ಕೊಳವೆಯ ಎರಡೂ ತುದಿಗಳ ಹೊರಗಿನ ಒಂದಿಷ್ಟು ಗಾಳಿಯೂ ಒಳಗಿನ ಗಾಳಿಯ ಜೊತೆಗೇ ಚಲಿಸುವುದರಿಂದ ಕೊಳವೆ ತನ್ನ ಅಳತೆಗಿಂತ ಉದ್ದವಾಗಿರುವಂತೆ ನಡೆದುಕೊಳ್ಳುತ್ತದೆ.

ಲೆಕ್ಕ ಮಾಡಿ ನೋಡಿ. ಐದು ಸೆಂಟಿಮೀಟರ್ ವ್ಯಾಸದ, ಅಂದರೆ ಎರಡು ಇಂಚಿನ ಕೊಳವೆಯಾದರೆ ಆರೂವರೆ ಸೆಂಟಿಮೀಟರ್ ಉದ್ದ ಸಾಕು. ಹತ್ತು ಸೆಂಟಿಮೀಟರ್ ವ್ಯಾಸದ್ದಾದರೆ 33 ಸೆಂಟಿಮೀಟರ್ ಬೇಕು. ನಾಲ್ಕು ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರದ ಸ್ಲಾಟ್ ಪೋರ್ಟ್ (ಹಲಗೆಯಿಂದಲೇ ಕಟ್ಟಿದ ಸೀಳಿನಂಥ ದಾರಿ) ಆದರೆ, ಅಷ್ಟೇ ಬಾಯಿಯಿರುವ ದುಂಡು ಕೊಳವೆಯೆಂದು ಭಾವಿಸಿ ಲೆಕ್ಕ ಹಾಕಿದಾಗ, ಸುಮಾರು 63 ಸೆಂಟಿಮೀಟರ್ ಬರುತ್ತದೆ. ಮೂರೂ ಸೂತ್ರದ ಪ್ರಕಾರ ಸರಿಯೇ, ಮೂರರ ಟ್ಯೂನಿಂಗೂ 34 ಹರ್ಟ್ಜೇ. ಹಾಗಾದರೆ ಆರೂವರೆ ಸೆಂಟಿಮೀಟರಿನ ಕೊಳವೆ ಸಿಕ್ಕಿಸಿ ಕೆಲಸ ಮುಗಿಸಬಾರದೇಕೆ?

ಗಾಳಿಯ ವೇಗವನ್ನು ನೋಡಿದರೆ ಉತ್ತರ ಸಿಗುತ್ತದೆ. ಕೋನ್‌ನ ವಿಸ್ತೀರ್ಣ 480 ಚದರ ಸೆಂಟಿಮೀಟರ್, ಎಕ್ಸ್‌ಮ್ಯಾಕ್ಸ್ 12 ಮಿಲಿಮೀಟರ್ ಎಂದು ಹಿಡಿಯಿರಿ. ಈ ಕೋನ್ ಪೂರ್ತಿ ಚಲಿಸಿದಾಗ ತಳ್ಳುವಷ್ಟು ಗಾಳಿ 34 ಹರ್ಟ್ಜ್‌ನಲ್ಲಿ ಪೋರ್ಟ್‌ನ ಮೂಲಕ ಓಡಾಡಬೇಕಾದರೆ, ಸ್ಲಾಟ್ ಪೋರ್ಟ್‌ನಲ್ಲಿ ಅದರ ಗರಿಷ್ಠ ವೇಗ ಸೆಕೆಂಡಿಗೆ 9 ಮೀಟರಿನಷ್ಟು, ನಾಲ್ಕಿಂಚಿನ ಕೊಳವೆಯಲ್ಲಿ 16 ಮೀಟರಿನಷ್ಟು. ಎರಡಿಂಚಿನ ಕೊಳವೆಯಲ್ಲಿ ಮಾತ್ರ 60 ಮೀಟರ್ ದಾಟುತ್ತದೆ. ಸುಮಾರು 17 ಮೀಟರಿನೊಳಗೆ ಇದ್ದರೆ ಗಾಳಿ ಸದ್ದಿಲ್ಲದೆ ಸಾಗುತ್ತದೆ ಎಂಬುದು ಒಪ್ಪಿತವಾದ ಮಿತಿ. ಕಾರಿನ ಓಟದ ಸದ್ದಿನಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚಾದರೂ ನಡೆಯುತ್ತದೆ. ಅದನ್ನು ಬಹಳ ಮೀರಿದಾಗ ಪೋರ್ಟ್‌ನ ಅಂಚಿನಲ್ಲಿ ಗಾಳಿ ಸುಳಿಗಟ್ಟಿ ಬುಸುಗುಡುತ್ತದೆ; ಅಷ್ಟು ಮಾತ್ರವಲ್ಲ, ಶಬ್ದ ಹೆಚ್ಚಿಸಿದಂತೆಲ್ಲ ಪೋರ್ಟ್ ಕಟ್ಟಿಕೊಂಡಂತಾಗಿ ಪೋರ್ಟೆಡ್ ಬಾಕ್ಸ್‌ನ ಲಾಭವೇ ಕಳೆದುಹೋಗುತ್ತದೆ. ಇದಕ್ಕೆಂದೇ ನಾನು ಸ್ಲಾಟ್ ಪೋರ್ಟ್ ಆರಿಸುತ್ತೇನೆ. ಕಾರಿನ ಬಾಕ್ಸ್ ಮಾಡುವವರು ಪ್ರತಿ ಘನ ಅಡಿಗೆ 12ರಿಂದ 16 ಚದರ ಇಂಚು ಬಾಯಿ ಕೊಡಬೇಕೆಂದು ಹೇಳುವುದೂ ಇದೇ ಕಾರಣಕ್ಕೆ. ನಮ್ಮ 140 ಚದರ ಸೆಂಟಿಮೀಟರ್ ಆ ಅಳತೆಯ ಕೆಳ ಅಂಚಿನಲ್ಲಿ ಕೂರುತ್ತದೆ.

ಆದರೆ ಸ್ಲಾಟ್ ಪೋರ್ಟ್ ಜಾಗ ತಿನ್ನುತ್ತದೆ. ನಿವ್ವಳ ಗಾತ್ರ ಎಂದಾಗ ಪೋರ್ಟ್, ಅದರ ಗೋಡೆ, ವೂಫರ್‌ನ ಹಿಂಭಾಗ, ಆಧಾರಪಟ್ಟಿ ಇವೆಲ್ಲವನ್ನೂ ಬಿಟ್ಟು ಉಳಿದ ಗಾಳಿ ಎಂದು ಅರ್ಥ, ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ನಮ್ಮ ಪೋರ್ಟ್‌ನ ಗಾಳಿಗೆ 9 ಲೀಟರ್, 18 ಮಿಲಿಮೀಟರ್ ಹಲಗೆಯ ಪೋರ್ಟ್ ಗೋಡೆಗೆ ಮೂರೂವರೆ, ವೂಫರ್‌ಗೆ 3, ಆಧಾರಪಟ್ಟಿಗಳಿಗೆ ಒಂದೂವರೆ ಲೀಟರ್ ಸೇರಿಸಿದರೆ ಒಟ್ಟು 67 ಲೀಟರ್ ಒಳಗಾತ್ರ ಬೇಕು. 60 ಸೆಂಟಿಮೀಟರ್ ಅಗಲ, 35 ಎತ್ತರ, 32 ಆಳ ಇಟ್ಟರೆ ಅದು ಸಿಗುತ್ತದೆ. ಹೊರಗಿನಿಂದ ಅಳೆದರೆ 63.6, 38.6, 35.6 ಸೆಂಟಿಮೀಟರ್, ಅಂದರೆ 87 ಲೀಟರಿನಷ್ಟು ಡಿಕ್ಕಿ ಹೋಯಿತು. 2017ರ ಡಿಜೈರ್‌ನ ಡಿಕ್ಕಿ 378 ಲೀಟರಿನದು, ಅದರಲ್ಲಿ ಹೆಚ್ಚುಕಡಿಮೆ ಕಾಲುಭಾಗ. ಡಿಕ್ಕಿ ಎಷ್ಟು ದೊಡ್ಡದಿದ್ದರೂ ಬಾಕ್ಸ್ ಅದರ ಬಾಯಿಯೊಳಗೆ ತೂರಬೇಕು. ಸೆಡಾನ್‌ಗಳಲ್ಲಿ ಒಳಗಿನ ಎತ್ತರಕ್ಕಿಂತ ಬಾಯಿಯ ಎತ್ತರವೇ ಮೊದಲು ಅಡ್ಡ ಬರುತ್ತದೆ. ಮುಚ್ಚಳ ಹಾಕಿದಾಗ ಒಳಕ್ಕೆ ಇಳಿಯುವ ಬಾಗಿದ ಕೈಗಳಿಗೂ, ಸ್ಟೆಪ್ನಿ ಹೊರತೆಗೆಯಲಿಕ್ಕೂ ಜಾಗ ಬಿಡಬೇಕು. ಹಳೆಯ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಇದೇ ಹೊರಅಳತೆಯ ಒಂದು ಮಾದರಿ ಮಾಡಿಕೊಂಡು ಡಿಕ್ಕಿಯೊಳಗೆ ಇಟ್ಟು ನೋಡಿ, ಆಮೇಲೆ ಹಲಗೆ ಕೊಯ್ಯಿಸಿ.

ಪೋರ್ಟ್‌ನ 63 ಸೆಂಟಿಮೀಟರ್ 32ರ ಆಳದಲ್ಲಿ ನೇರವಾಗಿ ಹಿಡಿಸುವುದಿಲ್ಲ. ಆದ್ದರಿಂದ ಅದು ಮುಂಭಾಗದ ಎಡ ಅಂಚಿನಿಂದ ಹೊರಟು, ಎಡ ಗೋಡೆಗುಂಟ ಹಿಂದಕ್ಕೆ ಹೋಗಿ, ಮೂಲೆಯಲ್ಲಿ ತಿರುಗಿ, ಹಿಂಗೋಡೆಗುಂಟ ಸಾಗುತ್ತದೆ. ಉದ್ದವನ್ನು ನಾಲ್ಕು ಸೆಂಟಿಮೀಟರ್ ದಾರಿಯ ನಡುಗೆರೆಯಲ್ಲಿ ಅಳೆಯಿರಿ. ಮುಂದಿನ ಹಲಗೆಯ ದಪ್ಪವನ್ನೂ ಸೇರಿಸಿಕೊಂಡು ಮೂಲೆಯ ನಡುಬಿಂದುವಿನವರೆಗೆ 31.8 ಸೆಂಟಿಮೀಟರ್ ಆಗುತ್ತದೆ, ಉಳಿದ 31.2 ಹಿಂಗೋಡೆಯ ಬದಿಗೆ. ಹಾಗಾಗಿ ಒಳಗಿನ ಎರಡನೆಯ ಗೋಡೆಯ ಉದ್ದ 27.4 ಸೆಂಟಿಮೀಟರ್. ಮೂಲೆಯಲ್ಲಿ ಒಂದು ತ್ರಿಕೋನದ ತುಂಡನ್ನು ಕೂರಿಸಿ ತಿರುವನ್ನು ಸುಗಮಗೊಳಿಸಿ, ಪೋರ್ಟ್‌ನ ಎರಡೂ ತುದಿಗಳ ಅಂಚನ್ನು ರೂಟರ್‌ನಿಂದ ಉರುಟು ಮಾಡಿಸಿ. ವೂಫರ್‌ನ ಹಿಂದೆ ಈ ಗೋಡೆ ಬಂದರೂ ಮುಂದಿನ ಹಲಗೆಯಿಂದ ಅಲ್ಲಿಗೆ 26 ಸೆಂಟಿಮೀಟರ್ ಉಳಿಯುತ್ತದೆ. 16 ಸೆಂಟಿಮೀಟರ್ ಆಳದ ವೂಫರ್ ಕೂರಿಸಿದರೂ ಮ್ಯಾಗ್ನೆಟ್‌ನ ಹಿಂದೆ ಗಾಳಿಯಾಡಲು ಹತ್ತು ಸೆಂಟಿಮೀಟರ್ ಇರುತ್ತದೆ.

ಹಲಗೆಯ ವಿಷಯದಲ್ಲಿ ಜಿಪುಣತನ ಬೇಡವೆಂದು ಏಕೆ ಹೇಳುತ್ತೇನೆಂಬುದಕ್ಕೂ ಒಂದು ಲೆಕ್ಕವಿದೆ. ಪೋರ್ಟ್ ಮುಚ್ಚಿದೆ ಎಂದುಕೊಳ್ಳಿ. ಕೋನ್ 12 ಮಿಲಿಮೀಟರ್ ಒಳಕ್ಕೆ ಬಂದರೆ 50 ಲೀಟರ್ ಗಾಳಿಯ ಒತ್ತಡ ಸುಮಾರು 1,600 ಪಾಸ್ಕಲ್ ಏರುತ್ತದೆ. 60 ಸೆಂಟಿಮೀಟರ್ ಉದ್ದ, 35 ಸೆಂಟಿಮೀಟರ್ ಅಗಲದ ಒಂದು ಹಲಗೆಯ ಮೇಲೆ ಅದು 35 ಕೆಜಿ ತೂಕ ಹೇರಿದಷ್ಟು ಬಲ. ಅದೂ ಸೆಕೆಂಡಿಗೆ ಮೂವತ್ತು ನಲವತ್ತು ಬಾರಿ ಒಳಕ್ಕೂ ಹೊರಕ್ಕೂ. 12 ಮಿಲಿಮೀಟರ್ ಹಲಗೆ ಇದಕ್ಕೆ ಬಾಗುತ್ತದೆ, ಬಾಗುವಾಗ ತಾನೂ ಒಂದು ಕೆಟ್ಟ ಶಬ್ದ ಹೊರಡಿಸುತ್ತದೆ. ಆದ್ದರಿಂದ 18 ಮಿಲಿಮೀಟರ್ ಹಲಗೆ, ದೊಡ್ಡ ಗೋಡೆಗಳ ನಡುವೆ ಅಡ್ಡ ಆಧಾರ, ಸಾಧ್ಯವಾದರೆ ವೂಫರ್ ಕೂರುವ ಜಾಗದಲ್ಲಿ ಹಿಂದಿನಿಂದ ಇನ್ನೊಂದು ಪದರ ಇರಬೇಕು. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಒಂದೇ ಸಮನಾಗಿರುತ್ತದೆ, ಅಂಚು ನುಣುಪಾಗಿ ಕೊಯ್ಯಲು ಬರುತ್ತದೆ. ಬೆಂಗಳೂರು, ಹುಬ್ಬಳ್ಳಿಯವರಿಗೆ ಅದು ಸಾಕು. ಆದರೆ ಮಂಗಳೂರು, ಕಾರವಾರ, ಆಗುಂಬೆಯ ಕಡೆಯವರು ಬಿಡಬ್ಲ್ಯುಪಿ (ಕುದಿನೀರನ್ನೂ ತಾಳುವ) ದರ್ಜೆಯ ಪ್ಲೈವುಡ್ ಬಳಸುವುದು ಒಳ್ಳೆಯದು. ಮಳೆಗಾಲದ ತೇವವನ್ನು ಎಂಡಿಎಫ್ ಅಂಚಿನಿಂದ ಹೀರಿ ಉಬ್ಬುತ್ತದೆ, ಉಬ್ಬಿದ ಕಡೆ ಸ್ಕ್ರೂ ಹಿಡಿತ ಬಿಡುತ್ತದೆ. ಕೂಡುವ ಜಾಗಕ್ಕೆಲ್ಲ ನೀರು ತಡೆಯುವ ಮರದ ಅಂಟು ಹಚ್ಚಿ, ಸ್ಕ್ರೂ ಹಾಕುವ ಮುನ್ನ ಸಣ್ಣ ಬಿಟ್‌ನಲ್ಲಿ ತೂತು ಕೊರೆಯಿರಿ, ಇಲ್ಲದಿದ್ದರೆ ಎಂಡಿಎಫ್ ಸೀಳುತ್ತದೆ. ಒಳಮೂಲೆಗಳಿಗೆ ಸಿಲಿಕೋನ್ ಎಳೆದ ಮೇಲೆ ಅದರ ಹುಳಿವಾಸನೆ ಹೋಗುವ ತನಕ, ಕಡೇಪಕ್ಷ ಒಂದು ಪೂರ್ತಿ ದಿನ ಬಿಟ್ಟು ವೂಫರ್ ಕೂರಿಸಿ. ಒಣಗುವಾಗ ಹೊರಡುವ ಆ ಆವಿಗೆ ವೂಫರ್‌ನ ಅಂಟನ್ನೂ ಅಂಚನ್ನೂ ಒಡ್ಡುವುದು ಬೇಡ.

ಬೇಸಿಗೆಯಲ್ಲಿ ಟ್ಯೂನಿಂಗ್ ಬದಲಾಗುವುದಿಲ್ಲವೇ ಎಂದು ಇಲ್ಲಿ ಯಾರೋ ಕೇಳಿದರು. ಬದಲಾಗುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ನಿಂತ ಕಾರಿನೊಳಗೆ 50 ಡಿಗ್ರಿ ಆಯಿತೆನ್ನಿ, ಶಬ್ದದ ವೇಗ ಏರಿ 34 ಹರ್ಟ್ಜ್ ಸುಮಾರು 35.6 ಆಗುತ್ತದೆ. ಕಿವಿಗೆ ಅದು ಲೆಕ್ಕಕ್ಕಿಲ್ಲ.

ಡಿಕ್ಕಿಯಲ್ಲಿ ಬಾಕ್ಸ್ ಹೇಗೆ ಕೂರಬೇಕೆಂಬುದಕ್ಕೆ ಎಲ್ಲ ಕಾರಿಗೂ ಒಂದೇ ಉತ್ತರವಿಲ್ಲ. ಸೆಡಾನ್‌ಗಳಲ್ಲಿ ಬಾಕ್ಸ್‌ನ ಬೆನ್ನನ್ನು ಹಿಂದಿನ ಸೀಟಿಗೆ ತಾಗಿಸಿ, ವೂಫರ್ ಮತ್ತು ಪೋರ್ಟ್ ಎರಡೂ ಡಿಕ್ಕಿಯ ಮುಚ್ಚಳದ ಕಡೆಗೆ ನೋಡುವಂತೆ ಇಡುವುದು ಬಹುಪಾಲು ಒಳ್ಳೆಯ ಫಲ ಕೊಡುತ್ತದೆ. ಹ್ಯಾಚ್‌ಬ್ಯಾಕ್‌ಗಳಲ್ಲಿ ಡಿಕ್ಕಿಗೂ ಕೂರುವ ಜಾಗಕ್ಕೂ ನಡುವೆ ಗೋಡೆಯೇ ಇಲ್ಲದ ಕಾರಣ ಆಯ್ಕೆಗಳು ಹೆಚ್ಚು. ಎಲ್ಲಿಟ್ಟರೂ ಪೋರ್ಟ್‌ನ ಬಾಯಿಯ ಎದುರು ಹತ್ತು ಸೆಂಟಿಮೀಟರಾದರೂ ಬಯಲಿರಲಿ. ಗೋಡೆಗೆ ಒತ್ತರಿಸಿದರೆ ಪೋರ್ಟ್ ಉದ್ದವಾದಂತೆ ನಡೆದು ಟ್ಯೂನಿಂಗ್ ಕೆಳಗಿಳಿಯುತ್ತದೆ. ನಂಬರ್ ಪ್ಲೇಟ್ ಮತ್ತು ಮುಚ್ಚಳದ ಒಳತಗಡು ಗಿಲಗುಟ್ಟುವುದನ್ನು ಬ್ಯುಟೈಲ್ ಹಾಳೆ ಅಂಟಿಸಿ ನಿಲ್ಲಿಸಬಹುದು.

ಬಾಕ್ಸ್ ಕಟ್ಟಿಯಾದ ಮೇಲೆ ಅದು ನಿಜಕ್ಕೂ 34ರಲ್ಲಿದೆಯೇ ಎಂದು ನೋಡುವುದಕ್ಕೆ ದುಬಾರಿ ಉಪಕರಣ ಬೇಡ. ಮೊಬೈಲ್‌ನಲ್ಲಿ ಟೋನ್ ಹೊರಡಿಸುವ ಆ್ಯಪ್ ಹಾಕಿಕೊಂಡು, ಈಕ್ವಲೈಸರ್, ಬಾಸ್ ಬೂಸ್ಟ್, ಅತಿ ತಗ್ಗು ಸ್ವರಗಳನ್ನು ತಡೆಯುವ ಸಬ್‌ಸಾನಿಕ್ ಫಿಲ್ಟರ್ ಎಲ್ಲವನ್ನೂ ತೆಗೆದು, ತಗ್ಗಿದ ಶಬ್ದದಲ್ಲಿ 50 ಹರ್ಟ್ಜ್‌ನಿಂದ ಒಂದೊಂದೇ ಹರ್ಟ್ಜ್ ಇಳಿಸುತ್ತ ಬನ್ನಿ. ಕೋನ್‌ನ ಪಕ್ಕದಿಂದ ಟಾರ್ಚ್ ಬಿಟ್ಟು ಅದರ ಅಂಚನ್ನೇ ಗಮನಿಸಿ. 45ರಲ್ಲಿ ಅಂಚು ಮಸುಕಾಗಿ ಆಡುವುದು ಕಾಣುತ್ತದೆ. ಇಳಿಸಿದಂತೆ ಆಟ ಕಿರಿದಾಗುತ್ತ ಬಂದು, ಒಂದು ಕಡೆ ಕೋನ್ ನಿಂತೇಹೋದಂತೆ ಅಂಚು ಸ್ಪಷ್ಟವಾಗುತ್ತದೆ. ಆ ಹೊತ್ತಿಗೆ ಪೋರ್ಟ್‌ನ ಬಾಯಿಗೆ ಕೈ ಹಿಡಿದರೆ ಗಾಳಿ ಜೋರಾಗಿ ತಾಗುತ್ತದೆ. ಅದೇ ಟ್ಯೂನಿಂಗ್. ಇನ್ನೂ ಕೆಳಗಿಳಿದರೆ ಕೋನ್ ಮತ್ತೆ ಹುಚ್ಚಾಪಟ್ಟೆ ಆಡತೊಡಗುತ್ತದೆ, ಅಲ್ಲಿ ತಡಮಾಡಬೇಡಿ. ನಿಂತದ್ದು 37ರಲ್ಲಾದರೆ ಪೋರ್ಟ್‌ನ ಒಳತುದಿಗೆ ಇನ್ನೊಂದು ತುಂಡು ಹಲಗೆ ಸೇರಿಸಿ ಉದ್ದ ಮಾಡಬೇಕು; 32ರಲ್ಲಾದರೆ ನಾನಾದರೆ ಹಾಗೆಯೇ ಬಿಡುತ್ತೇನೆ.

ಆರಂಭದಲ್ಲಿ ನೆನಪಿಟ್ಟುಕೊಳ್ಳಿ ಎಂದ ಮಾತು ಈಗ ಬೇಕು. ಟ್ಯೂನಿಂಗ್‌ನ ಕೆಳಗೆ ಕೋನ್‌ಗೆ ಆಸರೆಯಿಲ್ಲ. ಅಲ್ಲಿ ಆಂಪ್ಲಿಫೈಯರ್ ಕೊಟ್ಟ ಶಕ್ತಿ ಶಬ್ದವಾಗದೆ ವೂಫರ್ ಅನ್ನು ಹರಿಯಲು ಮಾತ್ರ ಬಳಕೆಯಾಗುತ್ತದೆ. ಆದ್ದರಿಂದ ಸಬ್‌ಸಾನಿಕ್ ಫಿಲ್ಟರ್ ಇರುವ ಆಂಪ್ಲಿಫೈಯರನ್ನೇ ಕೊಳ್ಳಿ, ಅದನ್ನು 26 ಅಥವಾ 27 ಹರ್ಟ್ಜ್‌ಗೆ ಇಡಿ. ಮೇಲ್ಗಡೆ, ಏರು ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ 80 ಹರ್ಟ್ಜ್‌ನಲ್ಲಿರಲಿ. ಇಷ್ಟುದ್ದದ ಪೋರ್ಟ್ 240 ಹರ್ಟ್ಜ್‌ನ ಬಳಿ ಕೊಳಲಿನಂತೆ ತಾನೂ ನುಡಿಯಲು ಹೊರಡುತ್ತದೆ, 80ರ ಫಿಲ್ಟರ್ ಅದಕ್ಕೆ ಆಸ್ಪದ ಕೊಡುವುದಿಲ್ಲ.

ಸಿಎನ್‌ಜಿ ಸಿಲಿಂಡರ್ ಇರುವ ಕಾರಿಗೆ ಏನು ಮಾಡಬೇಕೆಂದು ಇಬ್ಬರು ಚೀಟಿ ಕಳಿಸಿದ್ದಾರೆ. ಸಿಲಿಂಡರ್‌ನ ಪಕ್ಕದಲ್ಲಿ ಉಳಿದ ಜಾಗಕ್ಕೆ ಪೋರ್ಟೆಡ್ ಬಾಕ್ಸ್ ತುರುಕುವ ಪ್ರಯತ್ನ ಬೇಡ, 8 ಅಥವಾ 10 ಇಂಚಿನ ವೂಫರ್‌ನ ಚಿಕ್ಕ ಸೀಲ್ಡ್ ಬಾಕ್ಸ್ ಮಾಡಿಸಿ. ಸಿಲಿಂಡರ್‌ಗಾಗಲಿ ಅದರ ಚೌಕಟ್ಟಿಗಾಗಲಿ ಬಾಕ್ಸ್ ಬಿಗಿಯಲೇಬೇಡಿ, ವಾಲ್ವ್‌ಗೆ ಕೈ ಹೋಗುವ ದಾರಿಯನ್ನು ಮುಚ್ಚಬೇಡಿ. ಉಳಿದವರೂ ಗಮನಿಸಿ: ನಮ್ಮ ಉದಾಹರಣೆಯ ಬಾಕ್ಸ್, ವೂಫರ್ ಸೇರಿ ಸುಮಾರು 25 ಕೆಜಿ ತೂಗುತ್ತದೆ. ಜೋರಾಗಿ ಬ್ರೇಕ್ ಹಾಕಿದಾಗ ಅದು ಹಿಂದಿನ ಸೀಟಿನ ಮೇಲೆ ಬಂದು ಬಡಿಯುತ್ತದೆ, ಆ ಸೀಟಿನಲ್ಲಿ ಹೆಚ್ಚಾಗಿ ಮಕ್ಕಳಿರುತ್ತಾರೆ. ಆದ್ದರಿಂದ ಬಾಕ್ಸ್‌ಗೆ ಎರಡು ಕಡೆ ಕಬ್ಬಿಣದ ಎಲ್ ಪಟ್ಟಿ ಹಾಕಿ, ಪೆಟ್ರೋಲ್ ಟ್ಯಾಂಕ್ ಎಲ್ಲಿದೆಯೆಂದು ಕೆಳಗಿನಿಂದ ನೋಡಿ ಖಚಿತಪಡಿಸಿಕೊಂಡ ಮೇಲೆಯೇ ತೂತು ಕೊರೆದು, ತಗಡಿನ ಅಡಿಯಲ್ಲಿ ಅಗಲವಾದ ವಾಷರ್ ಇಟ್ಟು ನಟ್ಟು-ಬೋಲ್ಟಿನಿಂದ ಬಿಗಿಸಿ. ತೂತು ಕೊರೆಯಲು ಮನಸ್ಸಿಲ್ಲದವರು ಡಿಕ್ಕಿಯ ನೆಲದಲ್ಲಿ ಸಾಮಾನು ಕಟ್ಟಲೆಂದು ಕಂಪನಿಯೇ ಕೊಟ್ಟಿರುವ ಕೊಂಡಿಗಳಿದ್ದರೆ ಅವಕ್ಕೆ ರ‍್ಯಾಚೆಟ್ ಪಟ್ಟಿಯಿಂದ ಬಿಗಿದು ಕಟ್ಟಿ.